ಬಣ್ಣದ ಗುಂಡೋ, ತಾಮ್ರದ ಗುಂಡೋ

"ಬೆಂದಿವೆಯಾ ನೋಡು" ಎಂದು ಗ್ರೇಮ್ ಒಲೆಯ ಬಾಗಿಲು ತೆರೆದಾಗ, ಒಳಗೆ ಬಿಸ್ಕತ್ತುಗಳಿವೆ ಎಂದೇ ನಾನು ತಿಳಿದಿದ್ದೆ. ಬೇಕರಿಯವರು ಇಡುವಂಥ ಕರೆಂಟಿನ ಒಲೆ, ಅಂಥದ್ದೇ ತಟ್ಟೆ. ಆದರೆ ತಟ್ಟೆಯ ತುಂಬ ಇದ್ದದ್ದು ಕಿರುಬೆರಳ ತುದಿಯಷ್ಟು ದಪ್ಪದ, ಕಡುಗೆಂಪು ಬಣ್ಣದ ಪಿಸ್ತೂಲಿನ ಗುಂಡುಗಳು. "ಯಾ ಅಲ್ಲಾ!" ಎಂದು ಎರಡು ಹೆಜ್ಜೆ ಹಿಂದೆ ಹಾರಿದೆ. "ಹೆದರಬೇಡ, ಇದರೊಳಗೆ ಮದ್ದಿಲ್ಲ. ಬರೀ ಸೀಸ, ಮೇಲೊಂದು ಬಣ್ಣ" ಎಂದು ಗ್ರೇಮ್ ನಕ್ಕರು. ಲಿಂಗಸುಗೂರಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿದ್ದ ಬಂದೂಕು ಒಂದೇ, ಬ್ಯಾಂಕಿನ ಬಾಗಿಲಲ್ಲಿ ಕೂತು ತೂಕಡಿಸುವ ಕಾವಲುಗಾರನದ್ದು. ಅಂಥವಳು ಆಸ್ಟ್ರೇಲಿಯಾದ ಒಂದು ಸಣ್ಣ ಊರಿಗೆ ಬಂದು ಗುಂಡು ಮಾಡಿ ಮಾರುವ ಗ್ರೇಮ್ ಅವರ ಶೆಡ್ಡಿನಲ್ಲಿ ಅವನ್ನು ಬೇಯಿಸುವ ಕೆಲಸಕ್ಕೆ ನಿಂತಿದ್ದೆ.

ಹೇಗೆ ಬಂದೆ ಎಂದು ಮೊದಲು ಹೇಳಿಬಿಡುತ್ತೇನೆ. ನನ್ನ ಗಂಡ ಮಹಬೂಬ ತುರ್ವಿಹಾಳದವನು. ಸಿಂಧನೂರಿನ ಮಟನ್ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದ. ನಾನು ಹೇಳಿದ ಆ ಸಣ್ಣ ಊರು ವಿಲ್ಗಾರಾದಲ್ಲಿ ಒಂದು ದೊಡ್ಡ ಕಸಾಯಿಖಾನೆ ಇದೆ. ಅಲ್ಲಿಂದ ಮಾಂಸ ಅರಬ್ ದೇಶಗಳಿಗೆ ಹೋಗುವುದರಿಂದ ಹಲಾಲ್ ಮಾಡಬಲ್ಲ ಕೈಗಳು ಬೇಕು. ಏಜೆಂಟನೊಬ್ಬನ ಮೂಲಕ ಅವನು ಬಂದ, ಮರುವರ್ಷ ನಾನು ಬಂದೆ. ನನ್ನ ಅಮ್ಮನದು ಲಿಂಗಸುಗೂರಿನಲ್ಲಿ ಬಳೆ ಅಂಗಡಿ. ಬಿ.ಎ. ಮುಗಿಸಿಯೂ ನಾನು ಅದೇ ಅಂಗಡಿಯಲ್ಲಿ ಕೂತು ಊರಿನ ಹೆಣ್ಣುಮಕ್ಕಳ ಕೈಗೆ ಬಳೆ ಏರಿಸುತ್ತಿದ್ದೆ. ಹಾಗಾಗಿ ಅಲ್ಲಿ ನಾನು ಮೊದಲು ಬಳೆ ಅಂಗಡಿಯವಳ ಮಗಳು, ಆಮೇಲೆ ಮಹಬೂಬನ ಹೆಂಡತಿ. ಶಾಹೀನಾ ಎಂಬ ಹೆಸರು ರೇಷನ್ ಕಾರ್ಡಿನ ಮೇಲೆ ಮಾತ್ರ ಇತ್ತು.

ವಿಲ್ಗಾರಾದ ಮನೆಗಳು ಗಿಡ್ಡ ಕಂಬಗಳ ಮೇಲೆ ಕೂತ ಮರದ ಮನೆಗಳು. ನೆಲದ ತುಂಬ ಜಮಖಾನೆ ಅಂಟಿಸಿರುತ್ತಾರೆ. ಒಂದು ಕೊಡ ನೀರು ಸುರಿದು ಬರಬರ ತಿಕ್ಕಿ ತೊಳೆಯೋಣವೆಂದರೆ ಜಾಗವೇ ಇಲ್ಲ. ಮೊದಲ ತಿಂಗಳು ನನ್ನ ಕೈ ಸುಮ್ಮನೆ ಕಡಿಯುತ್ತಿತ್ತು. ಮಹಬೂಬ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋದರೆ ನಾನು, ಗೋಡೆ, ಕಿಟಕಿ. ಲಿಂಗಸುಗೂರಿನಲ್ಲಿ ನಾನು ಸೀನಿದರೆ ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ಶುಂಠಿ ಕಷಾಯ ಹೇಳುತ್ತಿದ್ದರು. ಇಲ್ಲಿ ಪಕ್ಕದ ಮನೆಯವನು ಸತ್ತರೂ ಅವನ ನಾಯಿ ಬೊಗಳಿದರೇ ಗೊತ್ತು. ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನಾನು ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತು ಅದರ ಸದ್ದಿಗೆ ಅಳುತ್ತಿದ್ದೆ.

ಊಟದ್ದು ಇನ್ನೊಂದು ತಮಾಷೆ. ಜೋಳದ ಹಿಟ್ಟಿಗಾಗಿ ಹುಡುಕಿ ಹುಡುಕಿ ಸಾಕಾಗಿದ್ದಾಗ ಊರಾಚೆ ನೋಡಿದರೆ ಎಲ್ಲಿ ನೋಡಿದಲ್ಲಿ ಜೋಳದ ಹೊಲ! ನಮ್ಮ ಕಡೆಯ ಸಂತೆಕಲ್ಲೂರಿನ ಎರೆಹೊಲದ ಹಾಗೆ ತೆನೆ ತೂಗುತ್ತಿದ್ದವು, ಬಣ್ಣ ಮಾತ್ರ ಕೆಂಪು. "ಇದನ್ನು ಯಾರು ತಿನ್ನುತ್ತಾರೆ?" ಎಂದರೆ "ದನಗಳು" ಎಂದರು. ನಾನೂ ಮಹಬೂಬನೂ ದನಕ್ಕೆ ಹಾಕುವ ಜೋಳದ ಒಂದು ಚೀಲ ತಂದು ಮಿಕ್ಸಿಯಲ್ಲಿ ಬೀಸಿಕೊಂಡೆವು. ರೊಟ್ಟಿ ಇಟ್ಟಿಗೆ ಬಣ್ಣದ್ದಾಯಿತು, ಅಂಚು ಒಡೆಯಿತು. ಆದರೂ ಆ ದಿನ ಬೇಳೆ-ಸೊಪ್ಪಿನ ಹಿಂಡಿಪಲ್ಲೆ ಇಲ್ಲದೆ ಬರೀ ಖಾರ ಹಚ್ಚಿಕೊಂಡು ನಾಲ್ಕು ತಿಂದೆ.

ಭಾಷೆಯ ಕಷ್ಟ ನೀಗಿಸಿದವರು ಹೆಲೆನ್. ಶಾಲೆಯಿಂದ ನಿವೃತ್ತರಾದ ಟೀಚರು, ಗ್ರಂಥಾಲಯದಲ್ಲಿ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಇಲ್ಲಿಯವರ ಇಂಗ್ಲಿಷಿನಲ್ಲಿ ಅರ್ಧ ಶಬ್ದ ಮೂಗಿನಲ್ಲೇ ಉಳಿಯುತ್ತದೆ, ಉಳಿದರ್ಧಕ್ಕೆ ಬಾಲ ಕತ್ತರಿಸಿರುತ್ತಾರೆ. ಮಧ್ಯಾಹ್ನಕ್ಕೆ "ಆರ್ವೋ", ಕೆಲಸದ ನಡುವಿನ ಚಹಾಕ್ಕೆ "ಸ್ಮೋಕೋ". ಮೊದಲ ಸಲ ಸ್ಮೋಕೋ ಎಂದು ಕರೆದಾಗ ನನಗೆ ಸಿಗರೇಟು ಸೇದಲು ಕರೆಯುತ್ತಿದ್ದಾರೆಂದು ಸಿಟ್ಟು ಬಂದಿತ್ತು. ಹೆಲೆನ್ ಊರಿನ ಪಿಸ್ತೂಲ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಎಪ್ಪತ್ತರ ಹತ್ತಿರದ, ಮೃದು ಮಾತಿನ ಈ ಅಜ್ಜಿ ಶನಿವಾರ ಹೋಗಿ ಕಾಗದದ ಗುರಿಗೆ ಗುಂಡು ಹೊಡೆಯುತ್ತಾರೆಂದು ತಿಳಿದಾಗ ನಾನು ಬಾಯಿ ಮೇಲೆ ಕೈಯಿಟ್ಟೆ. ನಮ್ಮ ಕಡೆ ಆ ವಯಸ್ಸಿನವರು ಎಲೆ ಅಡಿಕೆ ಕುಟ್ಟುತ್ತಾರೆ. ಗ್ರೇಮ್ ಅವರ ಶೆಡ್ಡಿಗೆ ನನ್ನನ್ನು ಸೇರಿಸಿದ್ದು ಅವರೇ.

ಶೆಡ್ಡಿನ ವ್ಯವಹಾರ ನಿಮಗೆ ಬಿಡಿಸಿ ಹೇಳಬೇಕು. ಕ್ಲಬ್ಬಿನವರು ಒಮ್ಮೆ ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು, ಅಂದರೆ ಮದ್ದು ತುಂಬುವ ಕೊಳವೆಗಳನ್ನು, ಎಸೆಯುವುದಿಲ್ಲ. ಆರಿಸಿ ತಂದು, ತೊಳೆದು, ಲೈಸೆನ್ಸಿನ ಮೇಲೆ ಮದ್ದು ಕೊಂಡು, ಮನೆಯ ಮೇಜಿಗೆ ಬಿಗಿದ ಒಂದು ಕೈಯೊತ್ತಿನ ಯಂತ್ರದಲ್ಲಿ ತಾವೇ ಮತ್ತೆ ತುಂಬಿಕೊಳ್ಳುತ್ತಾರೆ. ತೋಟಾದ ಬಾಯಿಗೆ ಕೂರಿಸುವ ಸೀಸದ ತಲೆ ಇದೆಯಲ್ಲ, ಅದೇ ಗುಂಡು. ಬರಿಯ ಸೀಸ ಹೊಡೆದರೆ ಪಿಸ್ತೂಲಿನ ನಳಿಗೆಯೊಳಗೆ ಸೀಸ ಹತ್ತಿ ಗಬ್ಬೆದ್ದುಹೋಗುತ್ತದೆ. ಅದಕ್ಕೆ ಸೀಸದ ಮೈಗೆ ಒಂದು ಅಂಗಿ ಬೇಕು. ಆ ಅಂಗಿಯಲ್ಲಿ ಎರಡು ಜಾತಿ. ಒಂದು ನಮ್ಮ ಶೆಡ್ಡಿನದ್ದು: ಸೀಸವನ್ನು ಬಣ್ಣದ ಪುಡಿಯಲ್ಲಿ ಕುಲುಕಿ, ಒಲೆಯಲ್ಲಿ ಬೇಯಿಸಿ, ಆರಿಸಿ, ಮತ್ತೊಮ್ಮೆ ಹಾಗೇ ಮಾಡಿ, ಕೊನೆಗೆ ಅಳತೆಯ ಅಚ್ಚಿನಲ್ಲಿ ಹಾಯಿಸುವುದು. ಇನ್ನೊಂದು ದೊಡ್ಡ ಕಾರ್ಖಾನೆಗಳದ್ದು: ಸೀಸಕ್ಕೆ ತಾಮ್ರದ ನೀರು ಹಾಕುವುದು, ನಮ್ಮಲ್ಲಿ ಬೆಳ್ಳಿಗೆ ಬಂಗಾರದ ನೀರು ಹಾಕಿಸುತ್ತಾರಲ್ಲ, ಹಾಗೆ. ಬಣ್ಣದ್ದು ಅಗ್ಗ. ತಾಮ್ರದ್ದು ತುಟ್ಟಿ, ನೋಡಲು ಥಳಥಳ.

ಬಳೆ ಅಂಗಡಿಯವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. "ಬಣ್ಣ ಹೋಗ್ತದೇನಬೇ?" ಎನ್ನುವ ಪ್ರಶ್ನೆ ಕೇಳಿಸಿಕೊಂಡೇ ನಾನು ದೊಡ್ಡವಳಾದದ್ದು. ಇಲ್ಲಿ ಅದಕ್ಕೆ ಉತ್ತರ ಸುತ್ತಿಗೆಯದ್ದು. ಪ್ರತಿ ತಟ್ಟೆಯಿಂದ ಒಂದು ಗುಂಡು ತೆಗೆದು ಚಪ್ಪಟೆಯಾಗುವಂತೆ ಬಡಿಯಬೇಕು. ಬಣ್ಣ ಸಿಪ್ಪೆ ಏಳಬಾರದು. ಉಗುರುಬಣ್ಣ ತೆಗೆಯುವ ನೀರಿನಲ್ಲಿ ಬಟ್ಟೆ ಅದ್ದಿ ಉಜ್ಜಿದರೆ ಬಟ್ಟೆಗೆ ಹತ್ತಬಾರದು. ಹತ್ತಿದರೆ ಬೆಂದಿಲ್ಲ ಎಂದರ್ಥ. ಆಮೇಲೆ ತಣ್ಣೀರಿನಲ್ಲಿ ಕೈ ತೊಳೆಯದೆ ಚಹಾದ ಬಟ್ಟಲು ಮುಟ್ಟುವಂತಿಲ್ಲ. ಸೀಸ ವಿಷ. ಈ ಒಂದು ವಿಷಯದಲ್ಲಿ ಗ್ರೇಮ್ ನಮ್ಮ ಅತ್ತೆಗಿಂತ ಕಟ್ಟುನಿಟ್ಟು.

ನಾನು ಆ ಊರಿನಲ್ಲಿ ಹೆಸರಾದದ್ದು ಒಂದು ಎಡವಟ್ಟಿನಿಂದ. ಒಂದು ಶನಿವಾರ ಕ್ಲಬ್ಬಿನಲ್ಲಿ ನಮ್ಮ ಡಬ್ಬಿಗಳನ್ನು ಹರಡಿಕೊಂಡು ಕೂತಿದ್ದಾಗ ಹೆಲೆನ್ ಬಂದು ಕೆಲವು ಗುಂಡು ತೋರಿಸಿದರು. ತೋಟಾದೊಳಗೆ ಕೂರಿಸುವಾಗ ಬಣ್ಣ ಕೆರೆದುಹೋಗಿತ್ತು. ಬಣ್ಣದ ಗುಂಡಿಗೆ ತೋಟಾದ ಬಾಯಿ ಸ್ವಲ್ಪ ಹೆಚ್ಚು ಅರಳಿಸಬೇಕು. ಅವರು ಅರಳಿಸಿರಲಿಲ್ಲ. ತಪ್ಪು ಅವರದೇ, ಅವರೂ ಒಪ್ಪಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕೂರಿಸುವಾಗ ಕೆಟ್ಟದ್ದು ನಮ್ಮ ಲೆಕ್ಕ, ಬೇರೆ ಕೊಡುತ್ತೇನೆ" ಎಂದುಬಿಟ್ಟೆ. ನಮ್ಮಲ್ಲಿ ತೊಡಿಸುವಾಗ ಒಡೆದ ಬಳೆಗೆ ಯಾವ ಬಳೆಗಾರ ದುಡ್ಡು ಕೇಳುತ್ತಾನೆ ಹೇಳಿ? ಕೇಳಿದರೆ ಸಂತೆಯಲ್ಲಿ ಮಾನ ಹೋಗುತ್ತದೆ. ಆದರೆ ನಮ್ಮಲ್ಲಿ ಬಳೆ ತೊಡಿಸುವವರು ನಾವು. ಇಲ್ಲಿ ಗುಂಡು ಕೂರಿಸುವವರು ಅವರು, ತಮ್ಮ ಮನೆಯಲ್ಲಿ, ತಮ್ಮ ಯಂತ್ರದಲ್ಲಿ. ಈ ಸಣ್ಣ ವ್ಯತ್ಯಾಸ ಮುಂದಿನ ಶನಿವಾರದ ತನಕ ನನಗೆ ಹೊಳೆಯಲಿಲ್ಲ.

ಮುಂದಿನ ಶನಿವಾರ ಊರಿಗೆ ಊರೇ ಸಾಲು ನಿಂತಿತ್ತು. ಒಬ್ಬನ ಕೈಯಲ್ಲಿ ಕೆಟ್ಟ ಗುಂಡಿನ ಡಬ್ಬಿ, ಇನ್ನೊಬ್ಬನ ಕೈಯಲ್ಲಿ ಬಕೆಟ್ಟು. ಗ್ರೇಮ್ ಮುಖ ಬೆಂದ ಗುಂಡಿನ ಬಣ್ಣಕ್ಕೆ ಬಂತು. "ನಿಮ್ಮ ಊರಿನಲ್ಲಿ ವ್ಯಾಪಾರ ಹೀಗೆ ಮಾಡುತ್ತೀರಾ?" ಎಂದರು. "ಹೂಂ, ಬಳೆ ವ್ಯಾಪಾರ ಹೀಗೇ" ಎಂದೆ. ಬಣ್ಣದ ಗುಂಡು ಕೆಟ್ಟರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು, ಅದಕ್ಕೆ ಎಲ್ಲರಿಗೂ ಬೇರೆ ಕೊಟ್ಟೂ ನಾನು ಬಚಾವಾದೆ. ಆದರೆ ಅಂದಿನಿಂದ ಕ್ಲಬ್ಬಿನವರು ಏನೇ ಇದ್ದರೂ "ಶಾಹೀನಾಳನ್ನು ಕೇಳಿ, ಅವಳು ಮಾತು ತಪ್ಪುವುದಿಲ್ಲ, ಸುಳ್ಳು ಹೇಳುವುದಿಲ್ಲ" ಎನ್ನತೊಡಗಿದರು. ಪೆಟ್ರೋಲ್ ಬಂಕಿನವಳು ಹೆಸರು ಹಿಡಿದು ಕರೆದಳು. ಹೆಲೆನ್ ತಮ್ಮ ಹಳೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು, ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದೆ. ಲೈಸೆನ್ಸ್ ಹಿಡಿದು ಖಾಲಿ ರಸ್ತೆಯಲ್ಲಿ ಒಬ್ಬಳೇ ಕಾರು ಓಡಿಸಿದ ದಿನ ಜೋರಾಗಿ ಹಾಡಿಕೊಂಡೆ. ಯಾರ ಮಗಳೂ ಅಲ್ಲದೆ, ಯಾರ ಹೆಂಡತಿಯೂ ಅಲ್ಲದೆ, ಶೆಡ್ಡಿನ ಶಾಹೀನಾ ಆಗಿರುವುದು ನನಗೆ ಬಹಳ ಹಿಡಿಸಿತ್ತು.

ಮಹಬೂಬನಿಗೆ ಮಾತ್ರ ವಿಲ್ಗಾರಾ ಹಿಡಿಸಲಿಲ್ಲ. ಜುಮ್ಮಾ ನಮಾಜಿಗೆ ಕಸಾಯಿಖಾನೆಯ ಹಿಂದಿನ ಒಂದು ಕೋಣೆ, ಈದ್ ಎಂದರೆ ಎಂಟು ಜನ. ಮೆಲ್ಬರ್ನಿನಲ್ಲಿ ಅವನಿಗೆ ಬೇರೆ ಕೆಲಸ ಕಾದಿತ್ತು. ಅಲ್ಲಿ ಮಸೀದಿ, ಮಸಾಲೆ ಅಂಗಡಿ, ನಮ್ಮ ಭಾಷೆಯ ಜನ. ನಾವಿಬ್ಬರೂ ಮನೆಯಲ್ಲಿ ಅರ್ಧ ದಖ್ಖನಿ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡದಲ್ಲಿ.

"ಇಲ್ಲಿ ಏನೈತಿ ಅಂತ ಇರ್ತಿ? ದನಾ, ಜೋಳಾ, ಗಾಳಿ," ಎಂದ ಅವನು.

"ನನಗ ಕೆಲ್ಸ ಐತ್ರಿ. ನನ್ನ ಹೆಸ್ರು ಐತಿ."

"ಗುಂಡಿಗೆ ಬಣ್ಣಾ ಹಚ್ಚೋದೂ ಒಂದ್ ಕೆಲ್ಸ ಏನಲೇ?"

"ನೀವು ಕುರಿ ಕೊಯ್ಯಾದು ಕೆಲ್ಸ ಆದ್ರ ಇದೂ ಕೆಲ್ಸಾನ."

ಕೊನೆಗೆ ಅವನು ಹೇಳಿದ: "ಆತು ಬಿಡು. ಆ ಶೆಡ್ ಇರೋತನಕ ಇಲ್ಲೇ ಇರೋಣು. ಬಂದಾತಂದ್ರ ಮಾತ್ರ ತುಟಿಪಿಟಕ್ ಅನ್ನಬಾರ್ದು, ಗಂಟು ಕಟ್ಟಬೇಕು." ನಾನು ಹೂಂ ಎಂದೆ. ಶೆಡ್ಡು ಬಂದಾಗುವ ಮಾತು ಆಗ ನನ್ನ ಕನಸಿನಲ್ಲೂ ಇರಲಿಲ್ಲ.

ಆದದ್ದು ಇಷ್ಟು. ಕ್ಲಬ್ಬಿನವರು ಬಯಲು ಬಿಟ್ಟು ನಾಲ್ಕು ಗೋಡೆಯ ಹೊಸ ಹಾಲ್ ಕಟ್ಟಿಸಿಕೊಂಡರು. ಇನ್ನು ಮೇಲೆ ಎಲ್ಲರಿಗೂ ಒಂದೇ ಕಡೆಯಿಂದ ಗುಂಡು ತರಿಸುವುದು, ಬಣ್ಣದ್ದೋ ತಾಮ್ರದ್ದೋ ಒಂದು ದಿನ ಹೊಡೆದು ನೋಡಿ ತೀರ್ಮಾನಿಸುವುದು ಎಂದರು. ಗ್ರೇಮ್‌ಗೆ ಅವರೇ ದೊಡ್ಡ ಗಿರಾಕಿ. "ಬಣ್ಣದ್ದು ಎಂದರೆ ಒಲೆ ಉರಿಯುತ್ತದೆ, ನೀನಿರುತ್ತೀ. ತಾಮ್ರದ್ದು ಎಂದರೆ ನಾನು ಕಾರ್ಖಾನೆಯಿಂದ ಡಬ್ಬಿ ತರಿಸಿ ಮಾರುವವನು ಅಷ್ಟೇ. ಡಬ್ಬಿ ಮಾರಲು ಇಬ್ಬರು ಬೇಡ" ಎಂದು ನನಗೆ ನೇರವಾಗಿ ಹೇಳಿದರು. ಕೆಟ್ಟ ಮನುಷ್ಯನಲ್ಲ, ಹೇಳಬೇಕಾದ್ದನ್ನು ಹೇಳಿದರು. ಆ ವಾರ ನಾನು ಬೇಯಿಸಿದಷ್ಟು ಚೆನ್ನಾಗಿ ಗುಂಡನ್ನು ಯಾರೂ ಬೇಯಿಸಿರಲಿಕ್ಕಿಲ್ಲ.

ಶನಿವಾರ ಬಂತು. ಹೊಸ ಹಾಲ್‌ನಲ್ಲಿ ಎರಡು ಮೇಜು, ಒಂದರ ಮೇಲೆ ನಮ್ಮ ಕೆಂಪು, ಇನ್ನೊಂದರ ಮೇಲೆ ತಾಮ್ರ. ಬೆಲೆ ಕೇಳಿ ಅರ್ಧ ಜನ ನಮ್ಮ ಕಡೆ ವಾಲಿದರು. ನನ್ನ ಸುತ್ತಿಗೆಯ ಪರೀಕ್ಷೆಗೆ ಚಪ್ಪಾಳೆ ಬಿತ್ತು. ಕಿವಿಗೆ ಮುಚ್ಚಳ ಹಾಕಿಕೊಂಡು ಗಾಜಿನ ಈಚೆ ನಿಂತು ನಾನು ನೋಡುತ್ತಿದ್ದೆ. ಕೆಂಪು ಗುಂಡು ಹೊಡೆದಾಗಲೆಲ್ಲ ಒಂದು ಸಣ್ಣ ಹೊಗೆ ಏಳುತ್ತಿತ್ತು. ಬಯಲಿನಲ್ಲಿ ಅದನ್ನು ಗಾಳಿ ಒಯ್ಯುತ್ತಿತ್ತು, ಕಣ್ಣಿಗೇ ಬೀಳುತ್ತಿರಲಿಲ್ಲ. ಇಲ್ಲಿ ಅದು ದೀಪದ ಕೆಳಗೆ ಜೋತು ನಿಂತಿತು. ಹೆಲೆನ್ ಎರಡು ಸಲ ಹೊರಗೆ ಹೋಗಿ ಕೆಮ್ಮಿ ಬಂದರು.

ಒಬ್ಬ ಮುದುಕ ರೈತನ ಹಳೇ ಪಿಸ್ತೂಲಿನದು ಉಲ್ಟಾ ಕಥೆ. ಅವನ ನಳಿಗೆ ಸವೆದು ಸಡಿಲವಾಗಿತ್ತು. ತಾಮ್ರದ ಗುಂಡು ಅದರೊಳಗೆ ಹಿಡಿತ ಸಿಗದೆ, ಕಾಗದಕ್ಕೆ ಅಡ್ಡಡ್ಡ ಬಡಿದು ಉದ್ದನೆಯ ತೂತು ಮಾಡುತ್ತಿತ್ತು. ನಾವು ಕೂದಲೆಳೆಯಷ್ಟು ದಪ್ಪಗೆ ಅಚ್ಚು ಮಾಡಿದ್ದ ಬಣ್ಣದ ಗುಂಡು ದುಂಡಗೆ ತೂತು ಮಾಡಿತು. ಮುದುಕ ಖುಷಿಯಿಂದ ನನಗೆ ಹೆಬ್ಬೆರಳು ತೋರಿಸಿದ. ಆದರೆ ಅಂಥ ಪಿಸ್ತೂಲು ಅಲ್ಲಿ ಅವನೊಬ್ಬನದೇ.

ಕೈ ಎತ್ತಿ ತೀರ್ಮಾನಿಸುವ ಹೊತ್ತಿಗೆ ಹೆಲೆನ್ ನನ್ನ ಮೇಜಿನ ಹತ್ತಿರ ಬಂದರು. ಹಾಲ್ ಪೂರ್ತಿ ನಮ್ಮ ಕಡೆ ತಿರುಗಿತು. ಸಂಧಿವಾತದಿಂದ ಗಂಟು ಕಟ್ಟಿದ್ದ ತಮ್ಮ ಕೈಯನ್ನು ನನ್ನ ಕೈಮೇಲಿಟ್ಟು ಕೇಳಿದರು: "ನೀನೇ ಹೇಳು. ಈ ಹಾಲ್‌ಗೆ, ನನಗೆ, ಯಾವುದು ಸರಿ?"

ಕೈ ಕೊಡಬಾರದಿತ್ತು ಅವರು. ಬಳೆ ಅಂಗಡಿಯಲ್ಲಿ ಗಿರಾಕಿ ಕೈ ಕೊಟ್ಟ ಮೇಲೆ ಮಾತು ಬೇರೆಯಾಗುತ್ತದೆ. ಕೈ ಹಿಡಿದು, ಬೆರಳ ಬುಡ ಒತ್ತಿ, ಇವಳಿಗೆ ಎರಡೂಕಾಲು, ಇವಳಿಗೆ ಎರಡೂವರೆ ಎಂದು ನಾವೇ ಹೇಳಬೇಕು. ಗ್ರೇಮ್ ನನ್ನನ್ನೇ ನೋಡುತ್ತಿದ್ದರು. ಬಣ್ಣದ್ದು ಎಂದು ಒಂದು ಮಾತು ಹೇಳಿದ್ದರೆ ನನ್ನ ಒಲೆ, ನನ್ನ ಖಾಲಿ ರಸ್ತೆ, ನನ್ನ ಹೆಸರು ಎಲ್ಲಾ ಉಳಿಯುತ್ತಿದ್ದವು. ಹೇಳಬೇಕೆಂದೇ ಬಾಯಿ ತೆರೆದೆ.

"ಈ ಹಾಲ್‌ಗೆ ತಾಮ್ರದ್ದೇ ಸರಿ," ಎಂದೆ. "ಹೊಗೆ ನಿಮಗಾಗುವುದಿಲ್ಲ. ತೋಟಾದ ಬಾಯಿ ಅರಳಿಸುವ ಅಳತೆ ಪ್ರತಿ ಸಲ ತಿದ್ದುವುದೂ ನಿಮ್ಮ ಬೆರಳಿಗೆ ಕಷ್ಟ. ತಾಮ್ರದ್ದು ಮೆತ್ತಗಿರುತ್ತದೆ, ಬಾಯಿ ತೀರಾ ಬಿಗಿಯಬೇಡಿ, ಬಿಗಿದರೆ ತಾಮ್ರ ಹರಿಯುತ್ತದೆ. ಬಯಲಿನಲ್ಲಿ ಹೊಡೆಯುವವರಿಗೆ, ಹಳೇ ಪಿಸ್ತೂಲಿನವರಿಗೆ ಮಾತ್ರ ನಮ್ಮದು."

ಕೈಗಳು ಎದ್ದವು. ನಾನು ಎಣಿಸಲು ಹೋಗಲಿಲ್ಲ, ಗೊತ್ತೇ ಇತ್ತಲ್ಲ.

ವಾಪಸ್ ಬರುವಾಗ ಗ್ರೇಮ್ ತಮ್ಮ "ಯೂಟ್"ನಲ್ಲಿ, ಅಂದರೆ ಹಿಂದೆ ಸಾಮಾನು ಹೇರುವ ಕಾರಿನಲ್ಲಿ, ಅರ್ಧ ದಾರಿ ಬರೀ ರೇಡಿಯೋ ತಿರುಗಿಸುತ್ತಾ ಬಂದರು. ಆಮೇಲೆ "ನಿನ್ನ ಮೇಲೆ ಸಿಟ್ಟು ಬಂದಿದೆ" ಎಂದರು. ಸ್ವಲ್ಪ ದೂರ ಹೋದ ಮೇಲೆ "ನೀನು ಹೇಳಿದ್ದು ಸರಿ, ಅದಕ್ಕೇ ಇನ್ನೂ ಸಿಟ್ಟು" ಎಂದರು. ನನಗೂ ನನ್ನ ಮೇಲೆ ಅಷ್ಟೇ ಸಿಟ್ಟಿತ್ತು.

ಮಹಬೂಬನಿಗೆ ಹೇಳಿದೆ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟ.

"ಬಾಯಿ ಬಿಟ್ರ ಬಣ್ಣಗೇಡು ಅಂತಾರಲ್ಲ, ಹಂಗ ಮಾಡೀ ನೋಡು. ಸುಮ್ನ ಇರಾಕ ಏನಾಗಿತ್ತು ನಿನಗ?"

"ನಿಮಗ ಛಲೋ ಆತಲ್ರಿ! ಗಂಟು ಕಟ್ಟು ಅಂದಿದ್ರಿ. ಕಟ್ಟತೀನಿ."

"ನಾ ಎಲ್ಲಿ ಖುಷಿ ಆಗೀನಿ? ನೀ ಅಳಾಕತ್ತೀದಿ, ನಾ ಖುಷಿ ಆಗ್ಲೇನು?" ಎಂದು ಅವನೂ ಊಟ ಬಿಟ್ಟೆದ್ದ.

ಅಮ್ಮನಾದರೂ ಶಹಬ್ಬಾಸ್ ಅನ್ನುತ್ತಾಳೆಂದು ಫೋನು ಹಚ್ಚಿದೆ. "ಅಮ್ಮಾ, ನಿನ್ನ ಅಂಗಡಿಯೊಳಗ ಕಲ್ತಿದ್ದು ಇದು. ತಪ್ಪು ಅಳತಿ ಹೇಳಬಾರ್ದು ಅಂತ ನೀನ ಕಲಸೀದಿ" ಎಂದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾ ಯಾವಾಗ ಕಲಸೀನಬೇ ಹುಚ್ಚಿ? ಮಸ್ಕಿ ಸಂತ್ಯಾಗ ಬಳಿ ಸಣ್ಣದಾದ್ರ ಸಾಬೂನು ಹಚ್ಚಿ ಏರಸ್ತಿದ್ದೆ, ದೊಡ್ಡದಾದ್ರ ಈಗಿನ ಫ್ಯಾಶನ್ ಹಿಂಗ ಐತಿ ಅಂತಿದ್ದೆ. ನಿನ್ನಂಗ ಖರೇ ಹೇಳಿದ್ರ ನಿನ್ನ ಬಿ.ಎ. ಎಲ್ಲಿಂದ ಆಗ್ತಿತ್ತು!" ನಗು ನಿಂತ ಮೇಲೆ ಅವಳ ದನಿ ಇಳಿಯಿತು. "ಆದ್ರ ವಯಸ್ಸಾದಾಕಿ, ಕೈ ನೋಯಾಕಿ, ಆಕಿಗೆ ಹೆಂಗ ಸುಳ್ಳ ಹೇಳ್ತಿ? ಹೋಗ್ಲಿ ಬಿಡು. ಊರು ಎಲ್ಲಾ ಕಡೀ ಅದಾವ." ಲಿಂಗಸುಗೂರು ಬಿಟ್ಟು ಎಲ್ಲೂ ಇರದ ಅಮ್ಮ ಇದನ್ನು ಎಷ್ಟು ಸಲೀಸಾಗಿ ಹೇಳಿದಳು!

ಚಳಿಗಾಲಕ್ಕೆ ಮೊದಲು ಒಲೆ ಆರಿತು. ಹಳೇ ಪಿಸ್ತೂಲಿನ ಮುದುಕನಿಗಾಗಿ ಗ್ರೇಮ್ ತಾವೇ ತಿಂಗಳಿಗೊಮ್ಮೆ ಒಂದು ತಟ್ಟೆ ಬೇಯಿಸುತ್ತಾರಂತೆ. ಹೊರಡುವ ದಿನ ಹೆಲೆನ್ ಬಂದು ಬಹಳ ಹೊತ್ತು ಗೇಟು ಹಿಡಿದು ನಿಂತರು. ಕೈ ಎತ್ತಿಸಿದ ದಿನ ನನ್ನ ಕೆಲಸ ಹೋಗುವ ವಿಷಯ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ ಎಂದರು. ಅದಕ್ಕೇ ನಾನು ಹೇಳಿರಲಿಲ್ಲ ಎಂದೆ. ಇಬ್ಬರೂ ಅತ್ತೆವು.

ಈಗ ಮೆಲ್ಬರ್ನಿನಲ್ಲಿದ್ದೇವೆ. ಕಿಟಕಿ ತೆರೆದರೆ ಅಜಾನ್ ಕೇಳಿಸದಿದ್ದರೂ ಜನ ಕೇಳಿಸುತ್ತಾರೆ. ಅಂಗಡಿಯಲ್ಲಿ ಬಿಳಿಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ರೊಟ್ಟಿ ಬೆಳ್ಳಗೆ ಆಗುತ್ತದೆ, ಅಂಚು ಒಡೆಯುವುದಿಲ್ಲ. ಮಹಬೂಬ ಜುಮ್ಮಾಕ್ಕೆ ಅತ್ತರು ಹಚ್ಚಿಕೊಂಡು ಹೋಗುತ್ತಾನೆ. ನನಗೂ ಒಂದು ಬಟ್ಟೆಯಂಗಡಿಯಲ್ಲಿ ಕೆಲಸ ಸಿಕ್ಕಿದೆ. ದೂರಲು ಏನೂ ಇಲ್ಲ, ಅದೇ ಒಂದು ಕಿರಿಕಿರಿ.

ಹೋದ ಭಾನುವಾರ ಮಸಾಲೆ ಅಂಗಡಿಯಲ್ಲಿ ನಾವಿಬ್ಬರೂ ದಖ್ಖನಿ, ಕನ್ನಡ ಬೆರೆಸಿ ಮಾತಾಡುವುದನ್ನು ಕೇಳಿ ಒಬ್ಬ ವಯಸ್ಸಾದ ಹೆಂಗಸು ಓಡಿ ಬಂದು ನನ್ನ ಗಲ್ಲ ಹಿಡಿದಳು. ಅವಳು ಕಲಬುರಗಿಯವಳಂತೆ. ತಿಂಗಳುಗಟ್ಟಲೆ ಇಂಥ ಮಾತು ಕೇಳಿಲ್ಲವೆಂದು ಅವಳ ಕಣ್ಣು ತುಂಬಿದ್ದವು. "ಯಾವ ಊರಬೇ ನಿಂದು?" ಎಂದು ಕೇಳಿದಳು.

"ವಿಲ್ಗಾರಾ," ಎಂದೆ.

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಲಿಂಗಸುಗೂರು ಎನ್ನಲು ಹೊರಟ ನಾಲಿಗೆ ಇದನ್ನು ಎಲ್ಲಿಂದ ತಂದಿತು? ಆಕೆ ಹುಬ್ಬುಗಂಟಿಕ್ಕಿ, ನಮ್ಮ ಸೀಮೆಯ ಹಳ್ಳಿಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕುತ್ತಾ ಕೇಳಿದಳು: "ವಿಲ್ಗಾರಾ? ಅದು ಎಲ್ಲಿ ಬರ್ತೈತಿ ತಾಯಿ?"

ಮಹಬೂಬ ಹಿಟ್ಟಿನ ಪ್ಯಾಕೆಟ್ಟು ಹಿಡಿದು ನಿಂತಿದ್ದವನು ನನ್ನ ಮುಖ ನೋಡಿದ. ತಿದ್ದುತ್ತಾನೆ, ನಕ್ಕು ಮರ್ಯಾದೆ ತೆಗೆಯುತ್ತಾನೆ ಎಂದುಕೊಂಡೆ.

"ಮಸ್ಕಿ ದಾಟಿ ಇನ್ನೂ ಸ್ವಲ್ಪ ಮುಂದ ಹೋಗ್ಬೇಕ್ರಿ ಅಮ್ಮಾ," ಎಂದ.